ಎಳ್ಳಮಾಸಿ ಲೆಕ್ಕದ ಸೂಟಿ

ಸೂಟಿಯ, ಅಂದರೆ ರಜೆಯ ವಿಷಯದಲ್ಲಿ ನನ್ನಷ್ಟು ಜಿಪುಣಿ ಆ ಕಾಲೇಜಿನಲ್ಲಿ ಇನ್ನೊಬ್ಬಳು ಇರಲಿಲ್ಲ. ಹೈದರಾಬಾದಿನಲ್ಲಿ ನನ್ನ ಡಾಕ್ಟರಿಕೆಯ ಕೊನೆಯ ವರ್ಷ ಅದು. ಆ ವರ್ಷ ಓದು ಅರ್ಧ, ಆಸ್ಪತ್ರೆಯ ಪಾಳಿ ಅರ್ಧ. ಹೆರಿಗೆ ವಾರ್ಡಿನಲ್ಲಿ ಇಷ್ಟು ಹೆರಿಗೆ ಸ್ವಂತ ಕೈಯಿಂದ ಆಗಬೇಕು, ಇಷ್ಟು ಹಾಜರಿ ಇರಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಹಬ್ಬ, ಮದುವೆ, ಜ್ವರ ಯಾವುದಕ್ಕೂ ಬೇರೆ ರಜೆ ಅಂತ ಇಲ್ಲ. ಊರಿಗೆ ಹೋಗಬೇಕೆಂದರೆ ನಮ್ಮ ಪಾಳಿಗೆ ಇನ್ನೊಬ್ಬಳು ನಿಲ್ಲಬೇಕು, ಅವಳು ಹೋದಾಗ ನಾವು ನಿಲ್ಲಬೇಕು. ಹೀಗಾಗಿ ಇದ್ದ ಕೆಲವೇ ಹುಡುಗಿಯರು ವರ್ಷದ ಹಬ್ಬಗಳನ್ನೆಲ್ಲ ಮೊದಲೇ ಹಂಚಿಕೊಂಡುಬಿಟ್ಟಿದ್ದೆವು.

ನನ್ನ ಪಕ್ಕದ ಮಂಚದವಳು ಶಹಾಬಾದಿನ ಮುಸಲ್ಮಾನರ ಹುಡುಗಿ. ಅವಳ ರಂಜಾನಿಗೆ ನಾನು ನಿಂತೆ, ಬಕ್ರೀದಿಗೂ ನಾನೇ ನಿಂತೆ. ಪಂಚಮಿಗೆ ನೀನು ಹೋಗು ಅಂದಳು, ಒಲ್ಲೆ ಅಂದೆ. ಉಳಿದವರ ಪಾಳಿಗೂ ನಾನೇ ಮುಂದೆ ಬಿದ್ದು ನಿಲ್ಲುತ್ತಿದ್ದೆ. ಅವಳಿಗೆ ನೋಡಿ ನೋಡಿ ಸಾಕಾಯಿತು.

“ಅರೇ ದಿವಾನಿ, ಮನಿಗಿ ಹೋಗು ಅಂದ್ರ ಒಲ್ಲೆ ಅಂತಿ, ಮ್ಯಾಲ ಮುಸುಕು ಹಾಕ್ಕೊಂಡು ಅಳ್ತಿ. ಇಷ್ಟು ಸೂಟಿ ಕೂಡಿಟ್ಟು ಏನ್ ಉಪ್ಪಿನಕಾಯಿ ಹಾಕ್ತಿಯೇನು?”

“ಹೂಂ, ಹಾಕ್ತೀನಿ. ನಿನಗ್ಯಾಕ ಉಸಾಬರಿ?” ಅಂದೆ. ನನ್ನ ಬಾಯಿ ಆಗಿನಿಂದಲೂ ಹಾಗೇ, ಕಡ್ಡಿ ಮುರಿದಂತೆ ಮಾತಾಡುವುದು.

ಅಳುತ್ತಿದ್ದದ್ದು ಸುಳ್ಳಲ್ಲ. ಬಿಡುವಿದ್ದ ಸಂಜೆ ನಾವಿಬ್ಬರೂ ಸ್ಟೇಷನ್ನಿಗೆ ನಡೆದು ಹೋಗುತ್ತಿದ್ದೆವು. ಎಲ್ಲಿಗೂ ಹೋಗಲಿಕ್ಕಲ್ಲ, ವಾಡಿಯ ಗಾಡಿ ನಿಂತಿದ್ದರೆ ನೋಡಲಿಕ್ಕೆ. ತಾಂಡೂರು ದಾಟಿದರೆ ನನ್ನ ಸೇಡಂ, ಆಮೇಲೆ ಚಿತ್ತಾಪುರ, ವಾಡಿ, ಅಲ್ಲಿ ಗಾಡಿ ಬದಲಿಸಿದರೆ ಅವಳ ಶಹಾಬಾದು. ಯಾರೋ ಗಂಟು ಹೊತ್ತ ಹೆಂಗಸು ಡಬ್ಬಿಯ ಬಾಗಿಲಲ್ಲಿ ನಿಂತು, “ಏ ಇಕಡಿ ಬರ್ರಿ, ಇಲ್ಲಿ ಜಾಗಾ ಅದ” ಎಂದು ತನ್ನವರನ್ನು ಕೂಗಿದಳೆಂದರೆ ಸಾಕು, ನಾನು ಆ ಡಬ್ಬಿಯ ಹತ್ತಿರಕ್ಕೇ ಹೋಗಿ ನಿಲ್ಲುತ್ತಿದ್ದೆ. ಉರ್ದು, ತೆಲುಗು, ಇಂಗ್ಲಿಷಿನ ನಡುವೆ ದಿನವಿಡೀ ಮಾತಾಡಿ ಬಂದ ಕಿವಿಗೆ ಆ ಒಂದು ‘ಅದ’ ಎಷ್ಟು ಹಿತವಾಗಿತ್ತೆಂದು ಹೇಗೆ ಹೇಳಲಿ! ಗಾಡಿ ಹೋದ ಮೇಲೂ ಸ್ವಲ್ಪ ಹೊತ್ತು ನಿಂತು, ಒಬ್ಬರ ಮುಖ ಒಬ್ಬರು ನೋಡದೆ ವಾಪಸು ಬರುತ್ತಿದ್ದೆವು.

ಆದರೂ ನಾನು ಸೂಟಿ ಮುರಿಯಲಿಲ್ಲ. ಅದು ನನ್ನ ಅಕ್ಕನಿಗೆ ಸೇರಿದ್ದಾಗಿತ್ತು.

ಅಕ್ಕನನ್ನು ಚಿಂಚೋಳಿಗೆ ಕೊಟ್ಟಿತ್ತು. ನನ್ನ ತಲೆ ಬಾಚಿದವಳು, ಹೇನು ಹೆಕ್ಕಿದವಳು, ಮಗ್ಗಿ ಬಾರದೆ ಅತ್ತಾಗ ಬೆನ್ನಿಗೆ ಗುದ್ದಿ ಕಲಿಸಿದವಳು ಅವಳೇ. ನನ್ನನ್ನು ಹೈದರಾಬಾದಿಗೆ ಕಳಿಸಲು ಅಪ್ಪ ಹಿಂದೆ ಮುಂದೆ ನೋಡಿದಾಗ, “ಅಕಿಗಿ ಕಳಸದಿದ್ರ ನಾ ಊಟಾನೇ ಮಾಡಂಗಿಲ್ಲ” ಎಂದು ತವರಿಗೆ ಬಂದು ಗೋಡೆಗೆ ಮುಖಮಾಡಿ ಮಲಗಿಬಿಟ್ಟಿದ್ದಳು. ಅಪ್ಪ ಒಪ್ಪಿದ್ದು ನನ್ನ ಅಂಕಗಳಿಗಲ್ಲ, ಅವಳ ಹಟಕ್ಕೆ.

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೆಯ ತಿಂಗಳಲ್ಲಿ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ತೊಡಿಸಿ ಕರಕೊಂಡು ಬರುತ್ತಾರೆ. ಅಕ್ಕನ ಮೊದಲನೆಯ ಸಲ ಮಳೆಗಾಲ. ಮುಲ್ಲಾಮಾರಿ ಹೊಳೆ ತುಂಬಿ, ಇವತ್ತು ನಾಳೆ ಎಂದು ಬಂಡಿ ಹೂಡುವುದು ಮುಂದೆ ಹೋಗಿ, ಎಂಟರಲ್ಲೇ ಚಿಂಚೋಳಿಯಲ್ಲಿ ಬೇನೆ ಬಂತು. ಕೂಸು ಸತ್ತೇ ಹುಟ್ಟಿತು. ರಕ್ತ ಹೋಗಿ ಹೋಗಿ ಅಕ್ಕನೂ ಇನ್ನೇನು ಹೋಗುವವಳು. ಹೇಗೋ ಉಳಿದಳು. ಪರೀಕ್ಷೆ ಕೆಡುತ್ತದೆ ಎಂದು ನನಗೆ ಯಾರೂ ತಿಳಿಸಲಿಲ್ಲ. ಸೂಟಿಯಲ್ಲಿ ಊರಿಗೆ ಹೋದಾಗ, ಕಂಬಕ್ಕೆ ಒರಗಿ ಕೂತಿದ್ದ ಬಿಳಿಚಿದ ಹೆಂಗಸು ನನ್ನ ಅಕ್ಕ ಎಂದು ಗುರುತು ಹತ್ತಲು ಒಂದು ಕ್ಷಣ ಹಿಡಿಯಿತು. ಮನೆಯವರ ಮೇಲೆಲ್ಲ ರೇಗಾಡಿದೆ, ಅವ್ವನ ಜೊತೆ ಎರಡು ದಿನ ಮಾತು ಬಿಟ್ಟೆ. ಕೊನೆಗೆ ಅಕ್ಕನ ಮುಂದೆ ಕೂತು ಹೇಳಿದೆ:

“ಮುಂದಿನದಕ್ಕ ನಾ ಇರ್ತೀನಿ. ನನ್ನ ಕೈಯಾಗೇ ಆಗಬೇಕು, ತಿಳೀತಾ?”

“ಆಯ್ತವಾ ಡಾಕ್ಟರಬಾಯಿ” ಎಂದು ಅಕ್ಕ ನಕ್ಕಳು. ಅವಳು ನಕ್ಕದ್ದು ನೋಡಿ ನನಗೆ ಇನ್ನಷ್ಟು ಅಳು ಬಂತು.

ಕೊನೆಯ ವರ್ಷದ ಬೇಸಿಗೆ ಹೊತ್ತಿಗೆ ಅಕ್ಕ ಮತ್ತೆ ಬಸುರಿ ಎಂದು ಸುದ್ದಿ ಬಂತು. ಯಾವಾಗಿನಿಂದ, ಸರಿಯಾದ ದಿನ ತಿಳಿಸು ಎಂದು ಬರೆದೆ. ‘ಎಳ್ಳಮಾಸಿ ಮರುದಿನ ತಲಿ ಎರಕೊಂಡಿದ್ದೆ, ಆಮ್ಯಾಲ ಇಲ್ಲ’ ಎಂದು ಉತ್ತರ ಬಂತು. ತಲೆಗೆ ಎರೆದುಕೊಳ್ಳುವುದೆಂದರೆ ಮುಟ್ಟಾದದ್ದು ಎಂದು ನಮ್ಮ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅವರ ಲೆಕ್ಕವೆಲ್ಲ ಹಬ್ಬದ ಮೇಲೆ. ಪಂಚಮಿಗೆ ಹಲ್ಲು ಬಂತು, ಸೀಗಿ ಹುಣ್ಣಿಮೆಗೆ ಹೆಜ್ಜೆ ಇಟ್ಟಿತು, ಹೀಗೆ. ನಾನು ಮನೆಯಲ್ಲಿ ಕಡೆಯ ಬಾರಿ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಮಾಡಿದ್ದು ಅದರ ಹಿಂದಿನ ವರ್ಷ, ಕ್ರಿಸ್‌ಮಸ್ ರಜೆಯಲ್ಲಿ. ಹೊಲದಲ್ಲಿ ಎಲ್ಲರೂ ಕೂತು ಸಜ್ಜೆ ರೊಟ್ಟಿ, ಭಜ್ಜಿ ಉಂಡದ್ದು ಕಣ್ಣಿಗೆ ಕಟ್ಟಿದಂತಿತ್ತು. ಹೈದರಾಬಾದಿನಲ್ಲಿ ಎಳ್ಳಮಾಸಿ ಯಾವಾಗ ಬಂತು ಯಾವಾಗ ಹೋಯಿತು ಯಾರು ಕೇಳುತ್ತಾರೆ? ಡಿಸೆಂಬರ್ ಕೊನೆ ಎಂದು ಹಿಡಿದು, ಅದಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸಿದೆ. ಮಹಾಲಯ ಅಮಾವಾಸ್ಯೆಯ ಹೊತ್ತಿಗೆ ಹೆರಿಗೆ ಎಂದು ಬಂತು. ಇಂಥ ದಿನ ಬರುತ್ತೇನೆ, ದಸರೆಯವರೆಗೆ ಇರುತ್ತೇನೆ ಎಂದು ಅಕ್ಕನಿಗೆ ಬರೆದೂಬಿಟ್ಟೆ. ಆಮೇಲೆ ನನ್ನ ಜಿಪುಣತನ ಶುರುವಾಯಿತು.

ಕುಬಸಕ್ಕೆ ಹೋಗಲಿಲ್ಲ. ಅದರ ಬೆನ್ನಿಗೆ ಬಂದ ಪಂಚಮಿಗೂ ಹೋಗಲಿಲ್ಲ. ಮದುವೆಯಾದ ಹೆಣ್ಣುಮಕ್ಕಳು ವರ್ಷವಿಡೀ ದಾರಿ ಕಾಯುವ ಹಬ್ಬ ಅದು, ಅಕ್ಕ ತವರಿನಲ್ಲಿ ಜೋಕಾಲಿಯ ಹತ್ತಿರ ಕೂತಿರುತ್ತಾಳೆ, ನಾನು ಇಲ್ಲಿ ಯಾರದೋ ಹೊಟ್ಟೆಯ ಮೇಲೆ ಕೈಯಿಟ್ಟು ಬೇನೆ ಎಣಿಸುತ್ತಿದ್ದೇನೆ. ‘ಕುಬಸಕ್ಕ ಒಡಹುಟ್ಟಿದ ತಂಗಿನೇ ಇಲ್ಲಂದ್ರ ಮಂದಿ ಏನಂತಾರ’ ಎಂದು ಅವ್ವ ಹೇಳಿಕಳಿಸಿದಳು. ಮಂದಿ ಏನಾದರೂ ಅನ್ನಲಿ. ವಾರ್ಡಿನಲ್ಲಿ ಹಸಿರು ಬಳೆಯ ಹೆಂಗಸು ಯಾರಾದರೂ ಬಂದರೆ ಮಾತ್ರ ನನ್ನ ಕೈ ಒಂದಿಷ್ಟು ಹೆಚ್ಚು ಹೊತ್ತು ಆ ಕೈಯ ಮೇಲೆ ನಿಲ್ಲುತ್ತಿತ್ತು.

ಕೊನೆಗೂ ಆ ದಿನ ಬಂತು. ಕೂಡಿಟ್ಟ ಸೂಟಿಯನ್ನೆಲ್ಲ ಒಟ್ಟಿಗೆ ತೆಗೆದುಕೊಂಡು, ಕತ್ತರಿ, ಚಿಮಟ, ಹತ್ತಿ, ಔಷಧ ಎಲ್ಲ ಒಂದು ಪೆಟ್ಟಿಗೆಯಲ್ಲಿ ತುಂಬಿ, ವಾಡಿಯ ಗಾಡಿ ಹತ್ತಿದೆ. ಈ ಸಲ ನೋಡಲಿಕ್ಕಲ್ಲ, ಹೋಗಲಿಕ್ಕೆ! ಸೇಡಂ ಬರುವಷ್ಟರಲ್ಲಿ ನಾನು ಬಾಗಿಲಲ್ಲೇ ನಿಂತಿದ್ದೆ.

ಅಕ್ಕ ಮೈತುಂಬಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ನಾನು ಅಪ್ಪಿಕೊಳ್ಳುವ ಮೊದಲೇ, “ಒಳಗ ನಡಿ, ಮಲಗು, ನೋಡ್ತೀನಿ” ಅಂದೆ. ಕೂಸಿನ ತಲೆ ಕೆಳಗಿತ್ತು, ಎದೆಬಡಿತ ಚೆನ್ನಾಗಿತ್ತು. “ಇವತ್ತು ನಾಳೆ ಅನ್ನಂಗ ಅದ” ಎಂದು ದೊಡ್ಡ ಡಾಕ್ಟರರ ಗತ್ತಿನಲ್ಲಿ ಸಾರಿದೆ. ಇವತ್ತೂ ಆಗಲಿಲ್ಲ, ನಾಳೆಯೂ ಆಗಲಿಲ್ಲ.

ದಿನಾ ಬೆಳಿಗ್ಗೆ ಎದ್ದು ಕತ್ತರಿ ಕುದಿಸುತ್ತಿದ್ದೆ. ಅವ್ವ ಒಲೆ ಖಾಲಿಯಾಗುವುದನ್ನು ಕಾದು ಕಾದು ಕಡೆಗೆ ಸಿಡುಕಿದಳು: “ಅದನ್ನೇನ್ ಕುದಿಸಿ ಕುದಿಸಿ ಸಾರು ಮಾಡ್ತಿಯೇನು? ಕೂಸು ಹುಟ್ಟೋಕಿನ ಮುಂಚೆ ಕುಲಾಯಿ ಹೊಲಿಸಿದ್ರಂತ.”

ಅಕ್ಕನಿಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಅವಳಿಗೆ ನನ್ನ ತಲೆಗೆ ಎಣ್ಣೆ ಹಚ್ಚಬೇಕು. ಹೈದರಾಬಾದಿನ ನೀರಿಗೆ ಕೂದಲು ನಾರಾಗಿದೆ ಎಂದು ಬೈಯುತ್ತ, ಮಧ್ಯಾಹ್ನವೆಲ್ಲ ಶಹಾಬಾದು ಕಲ್ಲಿನ ತಣ್ಣನೆಯ ನೆಲದ ಮೇಲೆ ನನ್ನನ್ನು ಕೂರಿಸಿಕೊಂಡು ಹೆಣೆದ ಜಡೆಯನ್ನೇ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಎದೆಬಡಿತ ಕೇಳುವ ಮರದ ಕೊಳವೆಯನ್ನು ಕಸಿದುಕೊಂಡು ನನ್ನ ಹೊಟ್ಟೆಗಿಟ್ಟು, “ಇದರಾಗ ಬರೇ ಪುಂಡಿಪಲ್ಯ ಕೂಗಾಕತ್ತದ” ಎಂದು ನಗುತ್ತಿದ್ದಳು. ಸಂಜೆ ಕಾಗಿಣಾ ಹೊಳೆಯ ಕಡೆ ನಡೆಯೋಣ ಬಾ ಅನ್ನುವಳು. ದಾರಿಯಲ್ಲಿ ಬೇನೆ ಬಂದರೆ ಎಂದು ನಾನು ಪೆಟ್ಟಿಗೆ ಹಿಡಿದುಕೊಂಡೇ ಹೊರಡುತ್ತಿದ್ದೆ. ತೊಗರಿ ಹೂ ಬಿಡಲಿಕ್ಕೆ ಹತ್ತಿದ್ದ ಹೊಲದ ಬದುವಿನಲ್ಲಿ ಅವಳು ಮೆಲ್ಲಗೆ ಹೆಜ್ಜೆ ಹಾಕುತ್ತ, ಸಣ್ಣವರಿದ್ದಾಗ ಎಲ್ಲಿ ಬಿದ್ದಿದ್ದೆವು, ಯಾರ ಹೊಲದ ಹಸಿ ಕಡಲೆ ಕದ್ದಿದ್ದೆವು ಎಂದು ಹೇಳುತ್ತಿದ್ದರೆ ನಾನು, “ಸೊಂಟ ನೋಯಾಕತ್ತದೇನು? ಕೆಳಗ ಜಗ್ಗಿದಂಗ ಆಗ್ತದೇನು?” ಎಂದು ಕೇಳುತ್ತಿದ್ದೆ.

“ಏನೂ ಆಗವಲ್ದು. ನೀ ಸುಮ್ನ ನಡಿ” ಅನ್ನುವಳು.

ಮಹಾನವಮಿಯ ದಿನ ಅವ್ವ ಒಲೆಯ ಮುಂದೆ ಹೋಳಿಗೆ ಬೇಯಿಸುತ್ತಿದ್ದಳು. ಅಕ್ಕ ಪಕ್ಕದಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದಳು. ಹಬ್ಬದ ಅಡುಗೆಯ ದಣಿವಿಗೆ ಅವ್ವ ಗೊಣಗಿದಳು: “ಇದೇನ್ ಮಹಾ. ಹೋದ ಎಳ್ಳಮಾಸಿಗಿ ನನ್ನ ಕೈ ಬಿದ್ದೇ ಹೋಗಿದ್ವು. ಇವತ್ತು ಎಳ್ಳಮಾಸಿ, ನಾಳಿಗಿ ಸಂಕ್ರಾಂತಿ. ರೊಟ್ಟಿ ಬಡದು ಕೈ ತೊಳಕೊಳ್ಳೋದರಾಗ ಮತ್ತ ರೊಟ್ಟಿ.”

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. “ಎಳ್ಳಮಾಸಿ ಮರುದಿನ ಸಂಕ್ರಾಂತಿ ಇತ್ತಾ?”

“ಮತ್ತೇನು? ಅದರ ಮುಂಚೆ ಅಧಿಕ ಮಾಸ ಬಂದಿತ್ತಲ್ಲ. ಹಬ್ಬೆಲ್ಲಾ ಮುಂದ ಹೋಗಿದ್ವು.”

ಎಳ್ಳಮಾಸಿ ಚಂದ್ರನ ಲೆಕ್ಕ, ಅಧಿಕ ಮಾಸ ಬಂದರೆ ಮುಂದೆ ಹೋಗುತ್ತದೆ. ಸಂಕ್ರಾಂತಿ ಸೂರ್ಯನ ಲೆಕ್ಕ, ಎಲ್ಲಿಗೂ ಸರಿಯುವುದಿಲ್ಲ, ಜನವರಿ ನಡುವೆಯೇ ಬರುತ್ತದೆ. ಹಾಗಾದರೆ ಅಕ್ಕ ತಲೆಗೆ ಎರೆದುಕೊಂಡದ್ದು ಡಿಸೆಂಬರಿನಲ್ಲಲ್ಲ, ಸಂಕ್ರಾಂತಿಯ ದಿನ! ಬೆರಳು ಮಡಿಚಿ ಎಣಿಸಿದೆ, ಮತ್ತೆ ಎಣಿಸಿದೆ. ಹೆರಿಗೆಗೆ ಇನ್ನೂ ವಾರದ ಮೇಲಿದೆ. ನನ್ನ ಸೂಟಿ ಬನ್ನಿಹಬ್ಬಕ್ಕೆ, ಅಂದರೆ ಮರುದಿನಕ್ಕೇ ಮುಗಿಯುತ್ತದೆ. ವರ್ಷವಿಡೀ ಹೊಟ್ಟೆ ಕಟ್ಟಿ ಕೂಡಿಟ್ಟದ್ದನ್ನೆಲ್ಲ ಹೆರಿಗೆಗೆ ಮೊದಲೇ ಸುರಿದು ಕೂತಿದ್ದೆ. ಪಂಚಾಂಗ ಗೋಡೆಗೆ ತೂಗುಹಾಕಿದ ಮನೆಯಲ್ಲಿ ಹುಟ್ಟಿದವಳು ನಾನು. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

“ನಾ ಹೋಗಂಗಿಲ್ಲ” ಎಂದು ಎದ್ದು ನಿಂತೆ. “ವರ್ಷ ಹೋದ್ರ ಹೋಗಲಿ. ಪರೀಕ್ಷಾ ಮುಂದ ಕುಂದರ್ತೀನಿ.”

ಅವ್ವ ಬಾಯಿ ಬಿಟ್ಟು ನೋಡಿದಳು. ಅಕ್ಕ ಬತ್ತಿ ಹೊಸೆಯುವುದನ್ನು ನಿಲ್ಲಿಸದೆ ಹೇಳಿದಳು: “ನೀ ವರ್ಷ ಕಳಕೊಂಡ್ರ ಆ ಭಾರ ನನ್ನ ಕೂಸಿನ ತಲಿ ಮ್ಯಾಲ ಬರ್ತದ. ಅದು ಇನ್ನಾ ಹುಟ್ಟೇ ಇಲ್ಲ, ಅದಕ್ಕ ಈಗೇ ಹೊರಸ್ತಿಯೇನು? ಬನ್ನಿ ಕೊಟ್ಟು ಹೋಗು.”

“ಅಕ್ಕಾ, ಏನಾರ ಆದ್ರ?”

“ಏನೂ ಆಗಂಗಿಲ್ಲ. ದವಾಖಾನಿ ನರ್ಸಬಾಯಿ ಅದಾಳ, ಅವ್ವ ಅದಾಳ. ಇದು ಚಿಂಚೋಳಿ ಅಲ್ಲ, ನಡುವ ಹೊಳಿನೂ ಇಲ್ಲ.”

ನಾನು ಅತ್ತೆ, ಕೂಗಾಡಿದೆ, ಅವ್ವನ ಮೇಲೆ, ಅಧಿಕ ಮಾಸದ ಮೇಲೆ, ಸೂರ್ಯ ಚಂದ್ರರ ಮೇಲೆ. ಅಕ್ಕ ಜಗ್ಗಲಿಲ್ಲ. ನನ್ನನ್ನು ಹೈದರಾಬಾದಿಗೆ ಕಳಿಸಲು ಹಿಡಿದಿದ್ದ ಹಟವೇ ಇದು. ನಾನೇ ಹೋಗಿ ನರ್ಸಬಾಯಿಯನ್ನು ಕರೆತಂದೆ, ಪೆಟ್ಟಿಗೆಯನ್ನು ಅವರ ಕೈಗೊಪ್ಪಿಸಿದೆ, ರಕ್ತ ಹೋದರೆ ಏನು ಮಾಡಬೇಕೆಂದು ಹೇಳಿದ್ದನ್ನೇ ಹೇಳಿದೆ. ಬನ್ನಿಯ ದಿನ ಅಕ್ಕನ ಕೈಗೆ ಎಲೆ ಕೊಟ್ಟು, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಅನ್ನಬೇಕಾಗಿತ್ತು, ಅರ್ಧಕ್ಕೇ ನಿಲ್ಲಿಸಿದೆ. ಉಳಿದರ್ಧ ಅವಳೇ ಹೇಳಿದಳು. ಸ್ಟೇಷನ್ನಿನವರೆಗೆ ಅವಳು ಬರುವಂತಿರಲಿಲ್ಲ. ಹೊಸ್ತಿಲಲ್ಲೇ ನಿಂತು, ನಾನು ಓಣಿ ತಿರುಗುವವರೆಗೆ ನೋಡಿದಳು.

ಆಮೇಲಿನ ದಿನಗಳು ಹೇಗೆ ಕಳೆದವೋ ಶಿವನೇ ಬಲ್ಲ. ವಾರ್ಡಿನಲ್ಲಿ ಯಾರು ನರಳಿದರೂ ಅಕ್ಕ ನರಳಿದಂತೆ ಕೇಳುತ್ತಿತ್ತು. ಶಹಾಬಾದಿನವಳು ಏನೂ ಕೇಳದೆ ನನ್ನ ತಟ್ಟೆಗೆ ಅನ್ನ ಬಡಿಸಿ, ಉಣ್ಣುವವರೆಗೆ ಎದುರಿಗೆ ಕೂತಿರುತ್ತಿದ್ದಳು. ಒಂದು ಮಧ್ಯಾಹ್ನ ನಾನು ಯಾರದೋ ಗಂಡುಕೂಸನ್ನು ಆಗತಾನೇ ಒರೆಸಿ ತಾಯಿಯ ಮಗ್ಗುಲಿಗೆ ಮಲಗಿಸುತ್ತಿದ್ದೆ, ಅವಳು ತಂತಿ ಹಿಡಿದು ಓಡಿಬಂದಳು. “ಹೆಣ್ಣು! ಇಬ್ಬರೂ ಛಲೋ ಅದಾರಂತ!” ಎಂದು ಬಾಗಿಲಿನಿಂದಲೇ ಕೂಗಿದಳು. ನಾನು ಅಲ್ಲೇ ನೆಲಕ್ಕೆ ಕೂತು ಗಳಗಳ ಅತ್ತೆ. ಮಂಚದ ಮೇಲಿನ ಹೊಸ ಬಾಣಂತಿ ಗಾಬರಿಯಾಗಿ ತನ್ನ ಕೂಸಿಗೇನಾಯಿತೆಂದು ಕೇಳಿದಳು.

ಆ ತಿಂಗಳು ಮುಗಿಯುತ್ತಲೇ ಹೈದರಾಬಾದ್ ರಾಜ್ಯವೂ ಮುಗಿಯಿತು. ನಮ್ಮೂರು ಮೈಸೂರಿಗೆ ಸೇರಿತು, ನನ್ನ ಆಸ್ಪತ್ರೆ ಆಂಧ್ರಕ್ಕೆ. ಅದೇ ಗಾಡಿ, ಅದೇ ಹಳಿ, ಆದರೂ ಊರು ಇನ್ನಷ್ಟು ದೂರ ಹೋದಂತೆ ಅನಿಸಿತು. ಪರೀಕ್ಷೆ ಮುಗಿಸಿ ನಾನು ಹೋದಾಗ ಅಕ್ಕ ಚಿಂಚೋಳಿಗೆ ಹೋಗಿಯಾಗಿತ್ತು. ಆಮೇಲೆ ನನ್ನ ನೌಕರಿ, ನನ್ನ ಮದುವೆ, ಅವಳ ಇನ್ನುಳಿದ ಮಕ್ಕಳು. ಒಂದು ದಿನ, ಒಂದು ಊಟ, ಒಂದು ಮದುವೆ ಚಪ್ಪರ, ಇಷ್ಟರಲ್ಲೇ ನಮ್ಮ ಭೇಟಿಗಳು ಮುಗಿಯುತ್ತಿದ್ದವು. ಅಷ್ಟು ದಿವಸ ಒಟ್ಟಿಗೆ ಇರುವ ಯೋಗ ಮತ್ತೆ ಬರಲೇ ಇಲ್ಲ.

ಎಷ್ಟೋ ವರ್ಷಗಳ ಮೇಲೆ ಒಂದು ಎಳ್ಳಮಾಸಿಗೆ ಚಿಂಚೋಳಿಗೆ ಹೋಗಿದ್ದೆ. ಅಕ್ಕನ ಆ ಮಗಳೇ ಈಗ ಬಸುರಿ. ಹೊಲದಲ್ಲಿ ಊಟ ಮುಗಿದ ಮೇಲೆ ನಾನು ಹುಡುಗಿಯನ್ನು ಕೂರಿಸಿಕೊಂಡು ದಿನ ಕೇಳಿದೆ. ಅವಳು ಯಾವುದೋ ಹಬ್ಬದ ಹೆಸರು ಹೇಳಿದಳು. “ಹಬ್ಬಾ ಗಿಬ್ಬಾ ಬ್ಯಾಡ, ತಾರೀಖು ಹೇಳು! ನಿಮ್ಮವ್ವನ ಸಲ ಒಮ್ಮೆ ಬುದ್ಧಿ ಕಲ್ತೀನಿ” ಅಂದೆ. ಹುಡುಗಿ ನಗುತ್ತ ಎದ್ದು ಹೋದಳು.

ಅಕ್ಕ ನಗಲಿಲ್ಲ. ರೊಟ್ಟಿಯ ಬುಟ್ಟಿಗೆ ಬಟ್ಟೆ ಮುಚ್ಚುತ್ತ ಹೇಳಿದಳು: “ನಿನ್ನ ಲೆಕ್ಕಾ ತಪ್ಪ್ಯದ ಅಂತ ನನಗ ಗೊತ್ತಿತ್ತು.”

“ಯಾವಾಗ?”

“ಇಂಥಾ ದಿನ ಬರ್ತೀನಿ ಅಂತ ಬರದಿದ್ದಿಯಲ್ಲ, ಆವಾಗೇ.”

ನನಗೆ ಮೈಯೆಲ್ಲ ಉರಿಯಿತು. “ಮತ್ತ ಯಾಕ ಬಾಯಿ ಬಿಡಲಿಲ್ಲ? ಎಷ್ಟು ಒದ್ದಾಡೀನಿ ಗೊತ್ತದೇನು ನಾನು ಅಲ್ಲಿ? ಜೀವದ ಜೋಡಿ ಆಟಾ ಆಡ್ತಾರೇನು?”

“ಹೇಳಿದ್ರ ನೀ ಹೆರಿಗಿಗಿ ಬರ್ತಿದ್ದಿ” ಅಂದಳು ಅಕ್ಕ. “ಹೆರಿಗಿಗಿ ಬಂದ್ರ ಡಾಕ್ಟರಬಾಯಿ ಬರ್ತಿದ್ದಳು. ನಾ ಬೇನಿ ತಿನ್ನಾಕಿ, ನೀ ಬೆವರು ವರಸಾಕಿ, ಅದರಾಗ ಏನು ಮಾತು? ಮೊದಲ್ನೇದ್ರಾಗ ಸಾವಿನ ಬಾಗಿಲಾ ನೋಡಿ ಬಂದಾಕಿ ನಾನು. ಈ ಸಲ ಉಳೀತೀನಿ ಅಂತ ನನಗ ಧೈರ್ಯ ಇರಲಿಲ್ಲ. ಹೋಗೋದೇ ಇದ್ರ, ಮುಂಚೆ ನಿನ್ನ ಜೋಡಿ ನಾಕ್ ದಿನ ಕುಂತು ಹೋಗಬೇಕು ಅಂತ ಮಾಡಿದ್ದೆ.”

ಅವಳು ಮುಂದುವರಿದು, ಮೊದಲ ದಿನ ನಾನು ಯಾವ ಸೀರೆ ಉಟ್ಟು ಬಂದೆ, ಯಾವ ಮಧ್ಯಾಹ್ನ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದೆ, ನಿದ್ದೆಯಲ್ಲಿ ಏನು ಗೊಣಗಿದೆ, ಹೊಳೆಯ ದಾರಿಯಲ್ಲಿ ಯಾವ ಮಾತಿಗೆ ನಕ್ಕೆ, ಒಂದೊಂದೂ ಹೇಳಿದಳು. ನನಗೆ ನೆನಪಿದ್ದದ್ದು ಕತ್ತರಿ ಕುದಿಸಿದ್ದು, ಎದೆಬಡಿತ ಎಣಿಸಿದ್ದು, ಲೆಕ್ಕ ತಪ್ಪಿದ್ದು, ಅಷ್ಟೇ. ಆ ದಿನಗಳ ಬಗ್ಗೆ ಇಲ್ಲಿ ಬರೆದದ್ದರಲ್ಲಿ ಎಣ್ಣೆ, ಜಡೆ, ಹೊಲದ ಬದು, ಪುಂಡಿಪಲ್ಯದ ಮಾತು ಎಲ್ಲ ಅವಳು ಅವತ್ತು ಹೇಳಿದ್ದು. ಅಷ್ಟೂ ದಿನ ನಾನು ಅವಳ ಪಕ್ಕದಲ್ಲೇ ಇದ್ದೆ, ಆದರೂ ಒಂದೂ ನನಗೆ ದಕ್ಕಿರಲಿಲ್ಲ. ಹೊತ್ತು ಇಳಿಯುತ್ತಿತ್ತು, ಎಲ್ಲರೂ ಬಂಡಿಯ ಕಡೆ ಹೊರಟಿದ್ದರು.

“ಏಳು, ಹೋಗೋಣ” ಅಂದಳು ಅಕ್ಕ.

ನಾನು ಅವಳ ಸೆರಗು ಹಿಡಿದು ಕೂರಿಸಿದೆ. “ಇನ್ನೊಮ್ಮೆ ಹೇಳು,” ಅಂದೆ, “ಮೊದಲ್ನೇ ದಿನದಿಂದ ಹೇಳು.”